ಲೋಟದ ತಳ

"ರಕ್ತ ತೆಳುವಾಗೋ ಮಾತ್ರೆ ಏನಾದ್ರೂ ತಗೊಳ್ತೀರಾ?" ಕಾಗದದ ಮೇಲೆ ಪೆನ್ನು ಊರಿಕೊಂಡು ನರ್ಸ್ ಕೇಳಿದಳು.

"ಬಿಟ್ಟು ಎರಡು ವರ್ಷ ಆಯ್ತು ಸಿಸ್ಟರ್. ಡಾಕ್ಟರಿಗೂ ಹೇಳಿದೀನಿ," ಎಂದರು ಗಡಿಯಾರ ರಿಪೇರಿಯವರು, ಹಿಂದೆ ದಾರ ಕಟ್ಟಿದ ಆಸ್ಪತ್ರೆಯ ಅಂಗಿಯಲ್ಲೂ ಎದೆ ಉಬ್ಬಿಸಿ. "ಮಾತ್ರೆ ಇಲ್ದೇನೇ ನನ್ನ ಹಾರ್ಟು ಕೀ ಕೊಟ್ಟ ಹಾಗೆ ನಡೀತಿದೆ."

ಮಂಚದ ಕೆಳಗೆ ಅವರ ಚಪ್ಪಲಿ ಜೋಡಿಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು.

ಎರಡು ವರ್ಷದ ಹಿಂದೆ ಎದೆನೋವು ಬಂದಾಗ ಬರೆದುಕೊಟ್ಟ ಆ ಮಾತ್ರೆಯನ್ನು ಅವರು ಎಂಟು ದಿನ ನುಂಗಿ, ಒಂಬತ್ತನೆಯ ದಿನ ಸುತರಾಂ ಒಲ್ಲೆ ಎಂದಿದ್ದರು. ಹೇಳಿ ಹೇಳಿ ಬಾಯಿ ನೋಯಿಸಿಕೊಂಡ ಮೇಲೆ ಅವಳು ಬೇರೆ ದಾರಿ ಹಿಡಿದಳು. ಅವರದೇ ರಿಪೇರಿ ಪೆಟ್ಟಿಗೆಯ ಪುಟ್ಟ ಸುತ್ತಿಗೆಯಿಂದ ಮಾತ್ರೆ ಕುಟ್ಟಿ, ದಿನಾ ಸಂಜೆಯ ಹಾಲಿಗೆ ಬೆರೆಸತೊಡಗಿದಳು. ಸುತ್ತಿಗೆ ಕಾಣುತ್ತಿಲ್ಲವೆಂದು ಅವರು ಅಂಗಡಿಯನ್ನೇ ತಲೆಕೆಳಗು ಮಾಡಿದಾಗಲೂ ಅವಳು ತುಟಿ ಪಿಟಕ್ಕೆನ್ನಲಿಲ್ಲ. ನಿನ್ನೆ ಸಂಜೆಯೂ ಬೆರೆಸಿದ್ದಳು. ಆಪರೇಶನ್ನಿಗೆ ಹೋಗುವ ಜೀವ ಗಟ್ಟಿಯಾಗಿರಲಿ ಎಂದು ಸಕ್ಕರೆಯನ್ನೂ ಒಂದು ಚಮಚ ಹೆಚ್ಚೇ ಹಾಕಿದ್ದಳು.

ನಿಲ್ಲಿಸಬೇಕೆಂದು ಅವಳಿಗೆ ಹೇಳಿದವರಾದರೂ ಯಾರು? ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟತೊಡಗಿ ಆರು ತಿಂಗಳಾಗಿತ್ತು. ಒಂದು ದಿನವೂ ಅವರು ಅವಳನ್ನು ಡಾಕ್ಟರ ಕೋಣೆಯೊಳಗೆ ಬಿಟ್ಟಿರಲಿಲ್ಲ. ಗಂಡಸರ ವಿಷಯ, ನೀನು ಹೊರಗೆ ಕೂತಿರು ಎನ್ನುತ್ತಿದ್ದರು.

ಅವಳು ಮಂಚ ಹಿಡಿದು ಎದ್ದು, ತಗೊಂಡಿದ್ದರೆ ಏನಾಗುತ್ತದೆ ಎಂದು ನರ್ಸನ್ನು ಕೇಳಿದಳು.

"ರಕ್ತ ನಿಲ್ಲಲ್ಲಮ್ಮಾ. ವಾರದ ಮುಂಚೆನೇ ಬಿಟ್ಟಿರಬೇಕು," ಎಂದ ನರ್ಸ್ ಕಾಗದವನ್ನು ಸಹಿಗೆ ಚಾಚಿದಳು. ಹೊರಗೆ ಸ್ಟ್ರೆಚರಿನ ಚಕ್ರ ಕಿರುಗುಟ್ಟುತ್ತ ಹತ್ತಿರವಾಯಿತು. ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿ, ನಿಧಾನವಾಗಿ, ಮುತ್ತು ಪೋಣಿಸಿದಂತೆ ಸಹಿ ಮಾಡುತ್ತಿದ್ದರು. ಹೇಳಿಬಿಟ್ಟರೆ ಈ ಮನುಷ್ಯ ಮತ್ತೆಂದೂ ತನ್ನನ್ನು ನಂಬುವುದಿಲ್ಲ. ಸುಮ್ಮನಿದ್ದರೆ ನಂಬುವುದಕ್ಕೆ ಅವರೇ ಉಳಿಯುವರೋ ಇಲ್ಲವೋ.

"ರೀ, ನೀವು ಬಿಟ್ಟಿಲ್ಲ," ಎಂದಳು. "ನಾನು ದಿನಾ ಹಾಲಲ್ಲಿ ಹಾಕ್ತಿದ್ದೆ."

ಪೆನ್ನು ಅರ್ಧ ಸಹಿಯಲ್ಲಿ ನಿಂತಿತು. ನರ್ಸ್ ಕಾಗದ ಕಿತ್ತುಕೊಂಡು ಡಾಕ್ಟರನ್ನು ಕರೆಯಲು ಓಡಿದಳು. ಸ್ಟ್ರೆಚರ್ ಖಾಲಿಯೇ ವಾಪಸು ಹೋಯಿತು. ಡಾಕ್ಟರು ಬಂದು ಇಬ್ಬರಿಗೂ ಚೆನ್ನಾಗಿ ಬೈದು, ಮಾತ್ರೆ ನಿಲ್ಲಿಸಿ ಹತ್ತು ದಿನ ಬಿಟ್ಟು ಬನ್ನಿ ಎಂದರು.

ಮನೆ ಮುಟ್ಟುವವರೆಗೂ ಗಂಡ, ನಳಿಕೆ ಹಾಕಿ ಕಟ್ಟಿದ್ದ ಮೂತ್ರದ ಚೀಲವನ್ನು ಅವಳ ಕೈಗೆ ಕೊಡದೆ ತಾವೇ ಹಿಡಿದುಕೊಂಡಿದ್ದರು. ಕೂಗಾಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸಂಜೆ ಅವಳು ಎಂದಿನಂತೆ ಹಾಲು ಕಾಯಿಸಿ ತಂದಳು. ಬರಿಯ ಹಾಲು, ಸಕ್ಕರೆ. ಪಕ್ಕದಲ್ಲೇ ಆ ಪುಟ್ಟ ಸುತ್ತಿಗೆಯನ್ನೂ ಇಟ್ಟಳು. ಅವರು ಅದನ್ನು ಮುಟ್ಟಲಿಲ್ಲ. ಕೆಲಸದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಲೋಟದ ಮೇಲೆ ಬಾಗಿದರು. ಹಾಲಿನೊಳಗೆ ಏನು ಕಂಡೀತು? ಬಹಳ ಹೊತ್ತು ನೋಡಿ, ಲೋಟವನ್ನು ಒಂದು ಬೆರಳಿನಿಂದ ಅವಳ ಕಡೆಗೆ ತಳ್ಳಿದರು.

"ಮೊದಲು ನೀನು ಕುಡಿ."

ಬಿಸಿ ಹಾಲು ನಾಲಿಗೆ ಸುಟ್ಟಿತು. ಅವಳು ಅರ್ಧ ಲೋಟ ಕುಡಿದು ಕೆಳಗಿಟ್ಟಳು. ಅವರು ರಿಪೇರಿಗೆ ಬಂದಿದ್ದ ಕೈಗಡಿಯಾರವೊಂದಕ್ಕೆ ಕೀ ಕೊಟ್ಟು, ಇಬ್ಬರ ನಡುವೆ ಮೇಜಿನ ಮೇಲಿಟ್ಟು, ಅದರ ಮುಳ್ಳನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡುತ್ತ ಕೂತರು.