ಕನ್ನಡಿ ಮುಂದಿನ ಟ್ಯೂಬು

ಗೊಲ್ಲಾಳಮ್ಮನ ಮನೆಯಲ್ಲಿ ಕನ್ನಡಿ ಇರಲಿಲ್ಲ. ಇದ್ದದ್ದೊಂದು ಒಡೆದ ಮೇಲೆ ಇನ್ನೊಂದು ತರಬೇಕೆಂದು ಯಾರಿಗೂ ಅನಿಸಿರಲಿಲ್ಲ. ನಲವತ್ತಾರರ ಹೆಂಗಸಿಗೆ ಕನ್ನಡಿ ಯಾಕೆ ಎಂದು ಗಂಡ ಅಂಬ್ರಪ್ಪ ಕೇಳಿದ್ದ. ಕುಂಕುಮ ಹಚ್ಚಿಕೊಳ್ಳಬೇಕಾದರೆ ಅಂಗಳ ದಾಟಿ ನೆಗೆಣ್ಣಿ ಹನುಮಮ್ಮನ ಮನೆಗೆ ಹೋಗುತ್ತಿದ್ದಳು. ಹನುಮಮ್ಮ ಮೈದುನನ ಹೆಂಡತಿ. ಅಣ್ಣತಮ್ಮಂದಿರು ಬೇರೆಯಾದಾಗ ಮನೆಯ ನಡುವೆ ಗೋಡೆ ಬಂದಿತ್ತು, ಅಂಗಳ ಮಾತ್ರ ಒಂದೇ ಉಳಿದಿತ್ತು.

ಆ ಕನ್ನಡಿಯಲ್ಲಿ ದಿನಾ ಎರಡು ಮುಖ ಕಾಣುತ್ತಿದ್ದವು. ಮುಂದೆ ಗೊಲ್ಲಾಳಮ್ಮನದು: ಎರಡೂ ಕೆನ್ನೆಗೆ ಕಪ್ಪು ಬಂಗು, ಕಣ್ಣ ಕೆಳಗೆ ಊತ. ಹಿಂದೆ ಒಲೆ ಮುಂದೆ ಕುಳಿತ ಹನುಮಮ್ಮನದು: ನುಣುಪಾಗಿ, ಗೆಲುವಾಗಿ. ವಯಸ್ಸಿನಲ್ಲಿ ಎರಡೇ ವರ್ಷದ ಅಂತರ. ಇಬ್ಬರೂ ತುಳಿದದ್ದು ಒಂದೇ ಕೆಸರು, ಇಬ್ಬರ ತಲೆಗೂ ಬಿದ್ದದ್ದು ಒಂದೇ ಬಿಸಿಲು. ಇಬ್ಬರೂ ಮೂರು ಮೂರು ಹೆತ್ತವರು. ಹಾಗಿದ್ದ ಮೇಲೆ ಅವಳೇಕೆ ಹಾಗೆ, ತಾನೇಕೆ ಹೀಗೆ? ಈ ಪ್ರಶ್ನೆ ಗೊಲ್ಲಾಳಮ್ಮನ ಹೊಟ್ಟೆಗೆ ಅನ್ನದ ಜೊತೆಗೇ ಇಳಿಯುತ್ತಿತ್ತು. ಅನ್ನ ಅರಗುತ್ತಿತ್ತು, ಪ್ರಶ್ನೆ ಅರಗುತ್ತಿರಲಿಲ್ಲ.

ಊರು ವನದುರ್ಗದ ಹತ್ತಿರದ್ದು. ಕಾಲುವೆ ನೀರು ಬಂದ ಮೇಲೆ ಅಲ್ಲಿಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಹೆಂಗಸರು ಗುಂಪು ಕಟ್ಟಿಕೊಂಡು ನಾಟಿ ಮಾಡುವುದು ಕಲಿತರು. ಗುಂಪಿಗೊಬ್ಬಳು ಮೊದಲ ಸಾಲಿನವಳು. ಬದುವಿನ ಅಂಚಿನಲ್ಲಿ ಅವಳು ಮೊದಲ ಸಸಿ ಊರಿದ ಮೇಲೆಯೇ ಉಳಿದವರು ಗದ್ದೆಗೆ ಇಳಿಯಬೇಕು. ಅವಳು ಎಷ್ಟು ಬೇಗ ಹಿಂದೆ ಸರಿಯುತ್ತಾಳೋ ಅಷ್ಟೇ ಬೇಗ ಎಲ್ಲರೂ ಸರಿಯಬೇಕು. ಹಾಡು ಎತ್ತುವವಳೂ ಅವಳೇ, ಗದ್ದೆ ಒಡೆಯರ ಜೊತೆ ಮಾತಾಡುವವಳೂ ಅವಳೇ. ಹದಿನಾಲ್ಕು ಹೆಂಗಸರ ಗುಂಪಿನಲ್ಲಿ ಆ ಜಾಗ ಹನ್ನೆರಡು ವರ್ಷ ಗೊಲ್ಲಾಳಮ್ಮನದಾಗಿತ್ತು. ಅವಳ ಹೆಸರಿನಲ್ಲಿ ಹೊಲವಿರಲಿಲ್ಲ, ಮನೆಯಿರಲಿಲ್ಲ. ಇದ್ದದ್ದು ಆ ಒಂದು ಸಾಲು.

ಒಂದು ಮುಂಗಾರಿನಲ್ಲಿ ಆ ಸಾಲೂ ಹೋಯಿತು. ಮೊಣಕಾಲು ಹಿಡಿದುಕೊಂಡು ಅವಳು ಗಳಿಗೆಗೊಮ್ಮೆ ಎದ್ದು ನಿಲ್ಲುತ್ತಿದ್ದಳು. ಇದ್ದಕ್ಕಿದ್ದಂತೆ ಮೈಗೆಲ್ಲ ಝಳ ಹೊಡೆದು ಬೆವರು ಇಳಿಯುತ್ತಿತ್ತು. ಅವಳು ನಿಂತರೆ ಹಿಂದೆ ಹದಿಮೂರು ಜನ ನಿಲ್ಲುತ್ತಿದ್ದರು. ಗದ್ದೆ ಒಡತಿ ಕರೆಮ್ಮ ಬದುವಿನ ಮೇಲಿಂದ ಮೂರು ದಿನ ನೋಡಿದಳು. ನಾಲ್ಕನೆಯ ದಿನ ನೇರವಾಗಿ ಹೇಳಿದಳು:

“ಗೊಲ್ಲಾಳಮ್ಮ, ನಿನ್ನ ಕೈಲಿ ಈಗ ಆಗವಲ್ದು. ಈ ಸಲ ಹನುಮಮ್ಮ ಮುಂದ ಇರ್ಲಿ.”

ಕಾರಣ ಅಷ್ಟು ಸ್ಪಷ್ಟವಾಗಿತ್ತು. ಆದರೆ ಗೊಲ್ಲಾಳಮ್ಮನಿಗೆ ಆ ಕಾರಣ ಬೇಡವಾಗಿತ್ತು. ಮೊಣಕಾಲು ಸೋತಿದೆ ಎಂದು ಒಪ್ಪುವುದಕ್ಕಿಂತ ಹನುಮಮ್ಮನ ಬಣ್ಣದ ಮೇಲೆ ತಪ್ಪು ಹಾಕುವುದು ಸುಲಭ. “ಮಾರಿ ನೋಡಿ ಮುಂದ ನಿಲ್ಲಸ್ತಾರ. ದುಡಿಮಿ ಯಾರು ನೋಡ್ತಾರ?” ಎಂದು ಗಂಡನ ಮುಂದೆ ಹೇಳಿದಳು. ರೊಟ್ಟಿ ತಣ್ಣಗಾಗಿದೆ ಎಂದು ಅಂಬ್ರಪ್ಪ ಹೇಳಿದ.

ಹನುಮಮ್ಮನಿಗೆ ಇನ್ನೊಂದು ಅಭ್ಯಾಸವಿತ್ತು. ದಿನಾ ಬೆಳಕು ಹರಿಯುವ ಹೊತ್ತಿಗೆ ಕಾಲುವೆ ದಂಡೆ ಹಿಡಿದು ತೂಬಿನವರೆಗೆ ನಡೆದು ಬರುತ್ತಿದ್ದಳು. ಯಾಕೆ ಎಂದು ಕೇಳಿದರೆ ಗಾಳಿಗೆ ಎನ್ನುತ್ತಿದ್ದಳು. ಗೊಲ್ಲಾಳಮ್ಮ ಅದನ್ನೂ ನಲ್ಲಿ ಕಟ್ಟೆಯಲ್ಲಿ ಹರಡಿದಳು. ಇಡೀ ದಿನ ಗದ್ದೆಯಲ್ಲಿ ಸವೆಯುವವಳಿಗೆ ಮುಂಜಾನೆ ಮತ್ತೆ ತಿರುಗಾಟ ಯಾಕೆ ಬೇಕು, ದಂಡೆ ಮೇಲೆ ಯಾರು ಸಿಗುತ್ತಾರೋ ಏನೋ ಎಂದಳು. ನಾಲ್ಕು ಜನ ನಕ್ಕರು. ಆ ನಗುವಿನಿಂದ ಅವಳಿಗೆ ಎರಡು ದಿನ ಚೆನ್ನಾಗಿ ನಿದ್ದೆ ಬಂತು.

ಮೂರನೆಯ ದಿನ ಕುಂಕುಮಕ್ಕೆ ಹೋದಾಗ ಟ್ಯೂಬು ಕಂಡಿತು. ಕನ್ನಡಿಯ ಕೆಳಗೆ ಗೋಡೆಗೆ ಹೊಡೆದ ಒಂದು ಹಲಗೆ. ಅದರ ಮೇಲೆ ಹಣಿಗೆ, ಕುಂಕುಮದ ಭರಣಿ, ನಡುವೆ ಅರ್ಧ ಹಿಂಡಿದ ಮುಲಾಮಿನ ಟ್ಯೂಬು. ಹನುಮಮ್ಮ ಹಿತ್ತಲಿನಲ್ಲಿದ್ದಳು. ಇದೇ ಅವಳ ಗುಟ್ಟು ಎಂದು ಗೊಲ್ಲಾಳಮ್ಮನಿಗೆ ಕ್ಷಣದಲ್ಲಿ ಖಾತ್ರಿಯಾಯಿತು. ಕನ್ನಡಿ ಮುಂದೆ ಇಟ್ಟದ್ದು ಮುಖಕ್ಕಲ್ಲದೆ ಮತ್ತೇತಕ್ಕೆ? ಕೇಳಬಹುದಿತ್ತು. ಕೇಳಿದರೆ ಸೋತಂತೆ. ಹಿತ್ತಲಲ್ಲಿ ಬಿಸಾಡಿದ್ದ ಹಳೆಯ ಖಾಲಿ ಟ್ಯೂಬೊಂದನ್ನು ಆರಿಸಿಕೊಂಡು ಸಂತೆಯ ದಿನ ಶಹಾಪುರಕ್ಕೆ ಹೋದಳು. ಔಷಧ ಅಂಗಡಿಯವನು ಅದನ್ನು ನೋಡಿ ಅಂಥದ್ದೇ ಹೊಸದು ಕೊಟ್ಟ. ಚೀಟಿ ಕೇಳಲಿಲ್ಲ, ಎಲ್ಲಿಗೆ ಹಚ್ಚುತ್ತೀ ಎಂದೂ ಕೇಳಲಿಲ್ಲ.

ಹದಿನೈದು ದಿನಕ್ಕೆ ಬಂಗು ತಿಳಿಯಾಯಿತು. ಇಪ್ಪತ್ತು ದಿನಕ್ಕೆ ಕೆನ್ನೆ ಬೆಳ್ಳಗಾಯಿತು. ನಲ್ಲಿ ಕಟ್ಟೆಯಲ್ಲಿ ಹೆಂಗಸರು ಏನು ಹಚ್ಚುತ್ತೀ ಎಂದು ಕೇಳಿದರು. ಹನುಮಮ್ಮನೂ ಕೇಳಿದಳು. ಏನೂ ಇಲ್ಲ, ತಣ್ಣೀರು ಎಂದು ಗೊಲ್ಲಾಳಮ್ಮ ಹೇಳಿದಳು. ನೆಗೆಣ್ಣಿಗೆ ಸುಳ್ಳು ಹೇಳಿದ ಆ ಸುಖ ಬೆಲ್ಲ ತಿಂದಂತಿತ್ತು.

ಎರಡು ತಿಂಗಳಿಗೆ ಮುಖ ಉರಿಯತೊಡಗಿತು. ಒಂದು ದಿನ ಹಚ್ಚುವುದು ಬಿಟ್ಟರೆ ಕೆಂಪಾಗಿ, ತುರಿಸಿ, ಕಣ್ಣು ಬಿಡಲಾಗುತ್ತಿರಲಿಲ್ಲ. ಮತ್ತೆ ಹಚ್ಚಿದರೆ ತಣ್ಣಗಾಗುತ್ತಿತ್ತು. ಹಾಗಾಗಿ ಹೆಚ್ಚು ಹಚ್ಚಿದಳು. ಸಣ್ಣ ಸಣ್ಣ ಗುಳ್ಳೆ ಎದ್ದವು. ಗದ್ದದ ಮೇಲೆ ಕೂದಲು ಬಂತು. ಕೆನ್ನೆಯ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗಿದವು. ಸೆರಗು ಮುಚ್ಚಿಕೊಂಡು ಓಡಾಡಿದಳು, ಟ್ಯೂಬು ಮಾತ್ರ ಎಲೆಚೀಲದಲ್ಲಿ ಸದಾ ಇರುತ್ತಿತ್ತು.

ಎರಡನೆಯ ಬೆಳೆಗೆ ಕಾಲುವೆ ನೀರು ಬಿಟ್ಟರು, ನಾಟಿ ಶುರುವಾಯಿತು. ಈ ಸಲ ತನ್ನನ್ನೇ ಮುಂದೆ ನಿಲ್ಲಿಸುತ್ತಾರೆ ಎಂದು ಅವಳು ಕಾದಳು. ಕರೆಮ್ಮ ಅವಳ ಮುಖ ನೋಡಲೂ ಇಲ್ಲ, ಹನುಮಮ್ಮನನ್ನು ಕರೆದಳು. ಗೊಲ್ಲಾಳಮ್ಮ ಆರನೆಯವಳಾಗಿ ಇಳಿದಳು. ಮೇಲಿಂದ ಬಿಸಿಲು, ಕೆಳಗಿನ ನೀರಿನಿಂದ ಅದೇ ಬಿಸಿಲು. ಬಾಗಿದ ಮುಖಕ್ಕೆ ಖಾರ ಎರಚಿದಂತಾಯಿತು. ಅರ್ಧ ಸಾಲಿಗೇ ಬದು ಹತ್ತಿ ಕುಳಿತು ಎಲೆಚೀಲ ಬಿಚ್ಚಿ, ಟ್ಯೂಬು ತೆಗೆದು ಕೆನ್ನೆಗೆ ಹಚ್ಚಿದಳು.

ಸಸಿಯ ಕಟ್ಟು ತೆಗೆದುಕೊಳ್ಳಲು ಬಂದ ಹನುಮಮ್ಮ ಅಲ್ಲೇ ನಿಂತಳು.

“ಅಕ್ಕ, ಅದು ಮಾರಿಗಿ ಹಚ್ಚೋದಲ್ಲ. ಕಾಲಿಂದು. ಬೆರಳ ಸಂದಿ ಕೊಳತದ್ದಕ್ಕ ಹಚ್ಚೋದು.”

ಗದ್ದೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಮೊದಲು ಒಬ್ಬಳು ನಕ್ಕಳು, ಆಮೇಲೆ ಹನ್ನೆರಡೂ ಜನ. ಗೊಲ್ಲಾಳಮ್ಮ ಎದ್ದು ಮನೆಗೆ ಹೋದಳು. ಆರು ದಿನ ಹೊರಗೆ ಬರಲಿಲ್ಲ.

ಏಳನೆಯ ದಿನ ಹನುಮಮ್ಮ ಆಶಾ ಕಾರ್ಯಕರ್ತೆ ಮಸ್ತಾನಬಿಯನ್ನು ಕರೆದುಕೊಂಡು ಬಂದಳು. ಮಸ್ತಾನಬಿಗೆ ಊರಿನ ಎಲ್ಲ ಒಲೆಗಳೂ ಗೊತ್ತು; ಕೇಳದೆಯೇ ಒಳಗೆ ಬಂದು ಕುಳಿತಳು. ಗೊಲ್ಲಾಳಮ್ಮ ಗೋಡೆ ಕಡೆ ತಿರುಗಿ ಕುಳಿತೇ ಮಾತಾಡಿದಳು.

“ಆಕಿ ಬೇಕಂತ ಕನ್ನಡಿ ಮುಂದ ಇಟ್ಟಾಳ. ನಾ ಹಚ್ಕೊಳ್ಳಲಿ ಅಂತ.”

“ಕೆಳಗಿಟ್ರ ಇಲಿ ಒಯ್ತಾವ,” ಎಂದಳು ಹನುಮಮ್ಮ. “ನಮ್ಮನ್ಯಾಗ ಇರೋದ ಅದೊಂದ ಹಲಗಿ.”

ಮಸ್ತಾನಬಿ ಟ್ಯೂಬನ್ನು ಬೆಳಕಿಗೆ ಹಿಡಿದು ಓದಿದಳು. ಇದರಲ್ಲಿ ಸ್ಟಿರಾಯ್ಡ್ ಇದೆ ಎಂದಳು. ಮೊದಮೊದಲು ಬೆಳ್ಳಗೆ ಮಾಡುತ್ತದೆ, ಆಮೇಲೆ ಚರ್ಮವನ್ನು ತಿನ್ನುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ನುಕ್ಸಾನು. ಆಮೇಲೆ ಹನುಮಮ್ಮನ ಕಡೆಗೂ ತಿರುಗಿದಳು. “ನೀ ಏನು ಶಾಣ್ಯಾಕಿ ಅಲ್ಲ. ಒಂದ ವರ್ಷಾತು ಕಾಲಿಗಿ ಹಚ್ಚಾಕತ್ತಿ, ಸಂದಿ ಮಾಯ್ದಾವೇನು?” ಮಾಯ್ದಿರಲಿಲ್ಲ. ಗದ್ದೆಯಿಂದ ಬಂದು ಕಾಲು ತೊಳೆದು, ಬೆರಳ ಸಂದಿ ಒಣ ಬಟ್ಟೆಯಿಂದ ಒರೆಸಬೇಕು, ಹುಣ್ಣು ಮಾಯದಿದ್ದರೆ ಡಾಕ್ಟರಿಗೆ ತೋರಿಸಬೇಕು. ಅಂಗಡಿಯವನು ಡಾಕ್ಟರಲ್ಲ ಎಂದು ಇಬ್ಬರಿಗೂ ಸೇರಿಸಿ ಬೈದಳು.

ಗೊಲ್ಲಾಳಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ಅವಳಿಗೆ ಒಂದೇ ಬೇಕಿತ್ತು.

“ಹಂಗಾರ ಈಕಿ ಮಾರಿ ಹಂಗ್ಯಾಕ ಅದ? ನಂದ್ಯಾಕ ಹಿಂಗ ಅದ?”

ಮಸ್ತಾನಬಿ ಹನುಮಮ್ಮನ ಮುಖ ನೋಡಿದಳು. ಹನುಮಮ್ಮ ಎದ್ದು ಬಾಗಿಲು ಮುಂದೆ ಮಾಡಿದಳು.

“ನನಗ ಸಕ್ರಿ ರೋಗ ಬರೋ ಹಂಗ ಅದ, ಅಕ್ಕ. ಎರಡು ವರ್ಷಾತು. ಗುಂಪಿನಾಗ ಗೊತ್ತಾದ್ರ ರೋಗಿಷ್ಟಿ ಅಂತ ಬಿಟ್ಟು ಹೋಗ್ತಾರ ಅಂತ ಹೇಳ್ಲಿಲ್ಲ. ತೂಬಿನ ತನಕ ನಡಿಯೋದು ಅದಕ್ಕ. ಚಂದ ಕಾಣ್ಬೇಕಂತ ಏನೂ ಮಾಡಿಲ್ಲ, ಸಾಯಬಾರ್ದಂತ ಮಾಡೀನಿ.”

ನಲ್ಲಿ ಕಟ್ಟೆಯಲ್ಲಿ ತಾನು ಆಡಿದ ಮಾತು ಗೊಲ್ಲಾಳಮ್ಮನಿಗೆ ನೆನಪಾಯಿತು. ನಾಚಿಕೆಯಾಯಿತು. ಅದರ ಹಿಂದೆಯೇ, ಆ ರೋಗದ ಹೆದರಿಕೆಯಾದರೂ ತನಗೆ ಮೊದಲು ಬರಬಾರದಿತ್ತೇ ಎಂಬ ಹೊಟ್ಟೆಕಿಚ್ಚೂ ಒಂದು ಗಳಿಗೆ ಬಂತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಆದರೂ ವಾದ ಬಿಡಲಿಲ್ಲ. ದಿನವಿಡೀ ಬಾಗಿ ದುಡಿಯುವ ಮೈಗೆ ಮತ್ತೆ ವ್ಯಾಯಾಮ ಯಾತಕ್ಕೆ ಎಂದು ಕೇಳಿದಳು. ಮಸ್ತಾನಬಿ ಎದ್ದು ಅಂಗಳದಲ್ಲಿ ತೋರಿಸಿದಳು. ನಾಟಿಯಲ್ಲಿ ಬೆನ್ನು ಒಂದೇ ಕಡೆ ಬಾಗುತ್ತದೆ, ದಿನಕ್ಕೆ ಎಂಟು ತಾಸು. ಅದನ್ನು ಹಿಂದಕ್ಕೆ ಎಳೆದು ನೆಟ್ಟಗೆ ಮಾಡುವವರು ಯಾರು? ಕೈಗಳನ್ನು ಸೊಂಟಕ್ಕೆ ಕೊಟ್ಟು ಮೆಲ್ಲಗೆ ಹಿಂದೆ ಬಾಗಬೇಕು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಬೇಕು. ಎತ್ತರದ ಮಣೆಯ ಮೇಲೆ ಕುಳಿತು, ಕೈ ಊರದೆ ಹತ್ತು ಸಲ ಏಳಬೇಕು. ಅರ್ಧ ತಾಸು ಬಿರುಸಾಗಿ ನಡೆಯಬೇಕು. ನೋವು ಹೆಚ್ಚಾದರೆ ನಿಲ್ಲಿಸಿ ಕೇಳಬೇಕು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎಲುಬು ಸೊರಗುತ್ತವೆ, ಮಾಂಸಖಂಡ ಇಳಿಯುತ್ತದೆ, ಝಳ ಹೊಡೆಯುತ್ತದೆ. ಇದು ಎಲ್ಲ ಹೆಂಗಸರಿಗೂ ಬರುವುದು, ನಾಚಿಕೆಯ ವಿಷಯವಲ್ಲ. ಆದರೆ ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಒಂದು ದಿನವೂ ತಡೆಯದೆ ದವಾಖಾನೆಗೆ ಹೋಗಬೇಕು.

“ಮತ್ತ ನೀ ಉಣ್ಣೋದು ಯಾವಾಗ?” ಎಂದು ಮಸ್ತಾನಬಿ ಕೇಳಿದಳು.

ಎಲ್ಲರದೂ ಆದ ಮೇಲೆ, ಉಳಿದಿದ್ದರೆ, ಎಂದಳು ಗೊಲ್ಲಾಳಮ್ಮ. ಉಳಿದದ್ದು ಅನ್ನ, ಸಾರಿನ ನೀರು. ಕಾಲುವೆ ಬಂದ ಮೇಲೆ ಅವಳ ಮನೆಯಲ್ಲಿ ಜೋಳದ ರೊಟ್ಟಿ ಗಂಡಸರಿಗಷ್ಟೇ ಆಗಿತ್ತು. ಹನುಮಮ್ಮ ಎಲ್ಲರ ಜೊತೆ ಕುಳಿತು ರೊಟ್ಟಿ, ಸೊಪ್ಪು, ಬೇಳೆ, ಒಂದು ಹಿಡಿ ಶೇಂಗಾ ತಿನ್ನುತ್ತಿದ್ದಳು. ಮುಖದ ಗೆಲುವಿನ ಗುಟ್ಟು ಅಷ್ಟೇ. ಅದು ಹಲಗೆಯ ಮೇಲೆ ಇರಲೇ ಇಲ್ಲ, ತಾಟಿನಲ್ಲಿತ್ತು.

ಮರುದಿನ ಮೂವರೂ ಶಹಾಪುರದ ಸರಕಾರಿ ದವಾಖಾನೆಗೆ ಹೋದರು. ಚರ್ಮದ ಡಾಕ್ಟರು ಟ್ಯೂಬು ಬಿಡಿಸುವ ಬಗೆ ಹೇಳಿಕೊಟ್ಟರು, ಬೇರೆ ಮುಲಾಮು ಬರೆದರು, ಗುಣವಾಗಲು ತಿಂಗಳುಗಳೇ ಬೇಕು ಎಂದರು. ಕೆಂಪು ನರಗಳು ಪೂರ್ತಿ ಹೋಗಲಿಕ್ಕಿಲ್ಲ ಎಂದೂ ಹೇಳಿದರು. ಮುಂದಿನ ಮುಂಗಾರಿನ ನಾಟಿಗೂ ಬಿಸಿಲಿಗೆ ಇಳಿಯಬಾರದು ಎಂದರು. ರಕ್ತ ಪರೀಕ್ಷೆಯಲ್ಲಿ ರಕ್ತಹೀನತೆ ಸಿಕ್ಕಿತು. ಗದ್ದೆಯಲ್ಲಿ ಅವಳನ್ನು ಗಳಿಗೆಗೊಮ್ಮೆ ನಿಲ್ಲಿಸಿದ್ದರಲ್ಲಿ ಅದರ ಪಾಲೂ ಇತ್ತು. ಒಡತಿ ಕರೆಮ್ಮನಿಗೆ ಕಂಡದ್ದು ಗೊಲ್ಲಾಳಮ್ಮನಿಗೆ ಕಂಡಿರಲಿಲ್ಲ.

ಅಂಬ್ರಪ್ಪ ಮೊದಲು ಗೊಣಗಿದ. ದವಾಖಾನೆಯ ಚೀಟಿ ಓದಿದ ಮಗಳು ಅವ್ವನಿಗೆ ರಕ್ತ ಕಡಿಮೆ ಇದೆ ಎಂದು ಹೇಳಿದಳು. ಆ ರಾತ್ರಿ ಹೆಂಡತಿಯ ತಾಟು ಬರುವವರೆಗೆ ತನ್ನ ತಾಟಿಗೆ ಕೈ ಹಾಕಲಿಲ್ಲ. ಮುಂದಿನ ಸಂತೆಯಿಂದ ಒಂದು ಕನ್ನಡಿ ತಂದ. ಅವಳು ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಾಳೆ.

ಈಗ ಮುಂಜಾನೆ ಕಾಲುವೆ ದಂಡೆಯ ಮೇಲೆ ಇಬ್ಬರು ನಡೆಯುತ್ತಾರೆ. ಮುಖಕ್ಕೆ ಹತ್ತಿಯ ಬಟ್ಟೆ ಸುತ್ತಿಕೊಂಡ ಗೊಲ್ಲಾಳಮ್ಮ ಯಾವಾಗಲೂ ಹನುಮಮ್ಮನಿಗಿಂತ ಹತ್ತು ಹೆಜ್ಜೆ ಮುಂದೆ. ಹೊಟ್ಟೆಕಿಚ್ಚು ಹೋಗಿಲ್ಲ. ಮೊಣಕಾಲು ಮಾತ್ರ ಸುಧಾರಿಸಿದೆ. ಡಾಕ್ಟರು ಬೇಡವೆಂದ ನಾಟಿ ಕಳೆದು, ಅದರ ಮುಂದಿನ ನಾಟಿಗೆ ಅವಳು ಗದ್ದೆಗೆ ಇಳಿದಳು, ಒಂಬತ್ತನೆಯವಳಾಗಿ. ಒಮ್ಮೆಯೂ ಎದ್ದು ನಿಲ್ಲಲಿಲ್ಲ.

ಸಂಘದಲ್ಲಿ ಕುಳಿತು ಇದನ್ನು ಕೇಳುತ್ತಿರುವ ಅಕ್ಕಂದಿರೇ, ಇವತ್ತು ಮನೆಗೆ ಹೋಗಿ ನಿಮ್ಮ ಹಲಗೆ, ಗೂಡು, ಎಲೆಚೀಲ ನೋಡಿ. ಡಾಕ್ಟರು ಬರೆಯದ ಟ್ಯೂಬು ಇದ್ದರೆ ಅದನ್ನು ಮುಖಕ್ಕೆ ಹಚ್ಚಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಮುಚ್ಚಿಡಬೇಡಿ, ನಿಮ್ಮೂರ ಆಶಾ ಕಾರ್ಯಕರ್ತೆಗೆ ತೋರಿಸಿ, ಡಾಕ್ಟರ ಹತ್ತಿರ ಹೋಗಿ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ರಕ್ತ ನೋಡಿಸಿ. ಎಲ್ಲರ ಜೊತೆ ಕುಳಿತು ಉಣ್ಣಿ. ದಿನಕ್ಕೆ ಅರ್ಧ ತಾಸು ನಿಮಗಾಗಿ ನಡೆಯಿರಿ. ನೆಗೆಣ್ಣಿ ಚೆನ್ನಾಗಿ ಕಂಡರೆ ಹೊಟ್ಟೆ ಉರಿಯಲಿ, ತಪ್ಪಿಲ್ಲ. ಆದರೆ ಬಾಯಿ ಬಿಟ್ಟು ಕೇಳಿ.

ಗೊಲ್ಲಾಳಮ್ಮ ಕೇಳಲಿಲ್ಲ. ಅವಳಿಗೆ ಹೋದದ್ದು ಇಷ್ಟು: ಒಂಬತ್ತು ಟ್ಯೂಬು, ಎರಡು ನಾಟಿ, ಎರಡು ಕೆನ್ನೆಯ ಚರ್ಮ, ಹನ್ನೆರಡು ವರ್ಷದ ಒಂದು ಸಾಲು.