ಆರನೇ ಸಾಲಿನ ಪಟ್ಟಿ

ಮಂಚವನ್ನು ಅಡ್ಡ ತಿರುಗಿಸಿ ಮೆಟ್ಟಿಲಿಳಿಸುತ್ತಿದ್ದವರಿಗೆ ದಾರಿ ಬಿಡಲು ಮೇಡಂ ಗೋಡೆಗೆ ಅಂಟಿ ನಿಂತಳು. ಮಂಚದ ಕೆಳತುದಿ ಹಿಡಿದಿದ್ದವನು ಅವಳ ಪ್ರಯೋಗಾಲಯದಲ್ಲಿ ಗಾಜು ತೊಳೆಯುವವನು.

"ಮೂರನೇ ಮಹಡಿ ಮೇಡಂ. ಹಾಲ್‌ನಲ್ಲಿ ಜನಕ್ಕೆ ಜಾಗ ಸಾಲ್ದು, ಅದಕ್ಕೆ ಇದನ್ನ ಕೆಳಗಿಡ್ತಿದೀವಿ."

ಸ್ವಲ್ಪ ಹೊತ್ತಿಗೆ ಅವನೂ ಮೇಲೆ ಬಂದ. ಹಾಲ್‌ನ ನಡುವೆ ಸತ್ತು ಮಲಗಿದ್ದವನನ್ನು ಪ್ರಯೋಗಾಲಯದವರೆಲ್ಲ ಪಟ್ಟಿ ಮಾಮ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಬಿಳಿ ಪೊರೆಯ ಮೇಲೆ ಪ್ರೋಟೀನುಗಳ ಕಪ್ಪು ಪಟ್ಟಿ ಮೂಡಿಸಿದ ತಂತ್ರಜ್ಞ.

"ಕೊನೆ ಎರಡು ವರ್ಷ ನನ್ ಜೊತೆ ಬೀಕರ್ ತೊಳೆದ," ಎಂದ ಗಾಜು ತೊಳೆಯುವವನು, ಪಕ್ಕದವರಿಗೆ. "ಕೊಬ್ಬಿನ ಸಂಶೋಧನೆ ಎಲ್ಲಿಗ್ ಬಂತು ಮಾಮ ಅಂದ್ರೆ, ಇಲಿಗಳಿಗೆ ಕೊಬ್ಬೇ ಇಲ್ಲಪ್ಪ, ಇರೋದೆಲ್ಲ ಮೇಲಿನ ಮಹಡೀಲಿ ಅನ್ನೋನು."

ಯಾರೋ ನಕ್ಕು, ಮೇಡಂ ಕಡೆ ನೋಡಿ ನಗು ನುಂಗಿದರು.

*

ಎರಡು ವರ್ಷದ ಹಿಂದೆ ಹೊಸ ಪ್ರತಿಕಾಯದ ಸೀಸೆ ಬಂದಿತ್ತು. ದೇಹದ ಕೊಬ್ಬನ್ನು ಹದದಲ್ಲಿಡುವ ಒಂದು ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವುದು ಅದರ ಕೆಲಸ. ಅಂಟಿದಲ್ಲಿ ಪಟ್ಟಿ ಮೂಡುತ್ತದೆ. ಪೊರೆಯ ಆರನೇ ಸಾಲಿನಲ್ಲಿದ್ದದ್ದು ಆ ಪ್ರೋಟೀನೇ ಇಲ್ಲದಂತೆ ಬೆಳೆಸಿದ ಇಲಿಯ ಮಾದರಿ. ಅಲ್ಲಿ ಏನೂ ಕಾಣಬಾರದು. ಪಟ್ಟಿ ಮಾಮ ತಂದ ಪೊರೆಯಲ್ಲಿ ಇದ್ದಲಿನಂಥ ಪಟ್ಟಿ ಕಾಣುತ್ತಿತ್ತು.

"ಇದು ಬೇರೆ ಯಾವುದಕ್ಕೋ ಅಂಟ್ಕೊಳ್ತಿದೆ ಮೇಡಂ. ಮೂರು ಸಲ ಮಾಡ್ದೆ."

"ಪಕ್ಕದ ಸಾಲಿನ ಮಾದರಿ ಇದಕ್ಕೆ ಚೆಲ್ಲಿರತ್ತೆ. ನಿಮ್ ಕೈ ನಡುಗತ್ತೆ."

"ನನ್ ಕೈಯಾ?"

ಲೇಖನ ಕಳಿಸಲು ಒಂಬತ್ತು ದಿನ ಉಳಿದಿತ್ತು. ಪೊರೆಯ ಚಿತ್ರದಿಂದ ಆರನೇ ಸಾಲನ್ನು ಅವಳೇ ಕತ್ತರಿಸಿದಳು. ಮರುವಾರ ಆಡಳಿತಕ್ಕೆ ಪತ್ರ ಬರೆದಳು: ವಯಸ್ಸಾಗಿದೆ, ಕೈ ಸ್ಥಿರವಾಗಿಲ್ಲ, ಹಗುರವಾದ ಕೆಲಸ ಕೊಡಿ. ಓದಿದವರಿಗೆ ಕನಿಕರದ ಪತ್ರ ಎನ್ನಿಸುವಂತಿತ್ತು.

ಕಳೆದ ವರ್ಷ ಬೇರೊಂದು ತಂಡ ಅದೇ ಪ್ರತಿಕಾಯವನ್ನು ಪರೀಕ್ಷಿಸಿ, ಅದು ಹಿಡಿಯುತ್ತಿರುವುದು ಬೇರೆ ಪ್ರೋಟೀನನ್ನು ಎಂದು ತೋರಿಸಿತು. ಮೇಡಂ ಓದಿದಳು. ಗಾಜು ತೊಳೆಯುವ ಕೋಣೆ ಎರಡು ಮಹಡಿ ಕೆಳಗಿತ್ತು. ಇಳಿಯಲಿಲ್ಲ.

*

ಅಡುಗೆಮನೆಯಲ್ಲಿ ಸತ್ತವನ ಹೆಂಡತಿ ಒಬ್ಬಳೇ ಕೂತಿದ್ದಳು.

"ನೀವೇ ಅಲ್ವಾ ಆ ಪತ್ರ ಬರೆದೋರು?" ಎಂದು ಕೇಳಿದಳು. ಗದರಿಸುವ ದನಿಯಲ್ಲ. "ನಂಗೆ ಕಣ್ಣು ಮಂಜು. ಮನೇಲಿ ಸೂಜಿಗೆ ದಾರ ಪೋಣಿಸ್ತಿದ್ದೋರು ಅವರೇ. ಆಮೇಲಾಮೇಲೆ ಊಟಕ್ಕೆ ಕೂತಾಗೆಲ್ಲ ಕೈ ಮುಂದೆ ಚಾಚಿ, ನಡುಗ್ತಿದೆಯೇನೇ ನೋಡು, ಅನ್ನೋರು. ಇಲ್ಲಾರೀ ಅಂದ್ರೆ ನಂಬ್ತಿರ್ಲಿಲ್ಲ. ನೀವು ಓದಿದೋರು, ಹೇಳಿ. ನಡುಗ್ತಿತ್ತಾ?"

ವಯಸ್ಸಾಗಿತ್ತಲ್ಲಮ್ಮ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ," ಎಂದಳು ಮೇಡಂ. "ಪ್ರತಿಕಾಯವೇ ಸರಿ ಇರ್ಲಿಲ್ಲ. ಅವರು ಹೇಳಿದ್ದೇ ಸರಿ. ನಾನು ಬೇಕಂತಲೇ ಹಾಗೆ ಬರೆದೆ."

"ಅವರದೇ ಸರಿ ಅಂತ ಯಾವಾಗ ಗೊತ್ತಾಯ್ತು?"

"ಅನುಮಾನ ಆವತ್ತೇ ಇತ್ತು. ಖಾತ್ರಿಯಾಗಿ ಒಂದು ವರ್ಷ."

ಹೆಂಡತಿ ಹಾಲ್‌ನ ಬಾಗಿಲ ಕಡೆ ತಿರುಗಿದಳು.

"ನಿನ್ನೆ ತನಕ ಬದುಕಿದ್ರಲ್ಲ," ಎಂದಳು. "ಹೋಗಿ. ಅವರಿಗೆ ಹೇಳಿ."

ಮೇಡಂ ಹಾಲ್‌ಗೆ ಬಂದಳು. ದೊಡ್ಡ ಹುದ್ದೆಯವರು ಎಂದು ಜನ ಸರಿದು ದಾರಿ ಬಿಟ್ಟರು. ಸತ್ತವನ ಮುದಿ ಅಣ್ಣ ಗೋಡೆ ಹಿಡಿದು ಮೇಲೆದ್ದ. ತಾನು ಕೂತಿದ್ದ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ, ತಮ್ಮನ ತಲೆಯ ಪಕ್ಕಕ್ಕೆ ಎಳೆದಿಟ್ಟು, ಅವಳು ಕೂರುವುದನ್ನೇ ಕಾಯುತ್ತ ನಿಂತ.