ಗಣಿಯ ನೀರಿನಲ್ಲಿ ಸಿಕ್ಕ ಹುಳ

ಕಾರ್ನ್‌ವಾಲಿನ ದಡದಿಂದ ಹೊರಟ ನಮ್ಮ ತಾಮ್ರದ ಗಣಿ ಸಮುದ್ರದ ತಳದ ಕೆಳಗೆ ಅರ್ಧ ಮೈಲಿ ಹೋಗಿತ್ತು. ನನ್ನ ಗಂಡ ಎಫ್ರಾಯಿಮ್ ಅಲ್ಲಿ ಬಂಡೆ ಕೊರೆಯುತ್ತಿದ್ದ. ನಾನು ಮೇಲೆ ಅದಿರು ಕುಟ್ಟುತ್ತಿದ್ದೆ. ಇಂಜಿನಿಯರು ಜೇಬಸ್ ನ್ಯಾನ್‌ಕ್ಯಾರೋ ಆರು ದಿನ ಗಣಿಯಲ್ಲಿರೋರು, ಏಳನೇ ದಿನ ದೋಣಿಯಲ್ಲಿ. ಭಾನುವಾರದ ಪ್ರಾರ್ಥನೆ ಬಿಟ್ಟು ಸಮುದ್ರದ ತಳ ಕೆರೆದು ಹುಳ, ಚಿಪ್ಪು ತರುತ್ತಾರೆಂದು ಪಾದ್ರಿಗೆ ಅವರ ಮೇಲೆ ಸಿಟ್ಟು. ಆ ಹುಳಗಳ ಬಗ್ಗೆ ಅವರು ಬರೆದದ್ದನ್ನು ಲಂಡನ್ನಿನ ಪಂಡಿತರು ಓದುತ್ತಿದ್ದರಂತೆ.

ಆ ಫೆಬ್ರವರಿಯಲ್ಲಿ ಗಣಿಯ ಮಾಲೀಕರ ಊಟಕ್ಕೆ ಬಡಿಸಲು ನನ್ನನ್ನು ಕರೆದಿದ್ದರು. ನ್ಯಾನ್‌ಕ್ಯಾರೋ ಒಂದು ಗಾಜಿನ ಸೀಸೆ ತಂದು ಮಾಂಸದ ತಟ್ಟೆಯ ಪಕ್ಕ ಇಟ್ಟರು.

"ಇದು ಪಡುವಣ ಸುರಂಗದ ಚಾವಣಿಯಿಂದ ತೊಟ್ಟಿಕ್ಕಿದ ನೀರು. ಇದರಲ್ಲಿ ಜೀವಂತ ಹುಳ ಇದೆ. ಇದು ಕಡಲ ತಳದ ಮರಳಲ್ಲೇ ಬದುಕೋದು. ಸಮುದ್ರಕ್ಕೆ ಒಳಗೆ ಬರೋ ದಾರಿ ಸಿಕ್ಕಿದೆ. ಜನರನ್ನ ಇವತ್ತೇ ಮೇಲೆ ಕರೆಸಿ."

ದೊಡ್ಡ ಧಣಿ ಗ್ರಿಲ್ಸ್ ಬಾಯಿ ಒರೆಸಿಕೊಂಡ. "ಇದನ್ನ ಹುರಿದು ತಿನ್ನೋದೋ, ಬೇಯಿಸಿ ತಿನ್ನೋದೋ?"

ಎಲ್ಲರೂ ನಕ್ಕರು. ನ್ಯಾನ್‌ಕ್ಯಾರೋ ನಗಲಿಲ್ಲ. "ನನ್ನ ಮಾತು ನಂಬೋಕೆ ನಿಮಗೆ ಎಷ್ಟು ಹೆಣ ಬೇಕು, ಅದನ್ನ ಹೇಳಿ ಸಾಕು."

ಧಣಿಗಳು ಒಪ್ಪಲಿಲ್ಲ. ಮಾರನೇ ಬೆಳಿಗ್ಗೆ ನ್ಯಾನ್‌ಕ್ಯಾರೋ ಅವರೇ ಪಡುವಣ ಸುರಂಗಕ್ಕೆ ಇಳಿಯುವ ಬಾವಿಯಿಂದ ಎಲ್ಲರನ್ನೂ ಹೊರಡಿಸಿ, ಏಣಿಯ ಮೇಲೆ ಮುಚ್ಚುವ ಹಲಗೆಯ ಬಾಗಿಲಿಗೆ ಬೀಗ ಜಡಿದು ಅದರ ಮೇಲೇ ಕೂತರು. ಕೂಲಿ ಹೋದ ಗಂಡಸರು ಸುತ್ತ ನಿಂತು ಬಾಯಿಗೆ ಬಂದಂತೆ ಬೈದರು. ನನ್ನ ಗಂಡನೂ ಬೈದ. "ನಿಮ್ಮ ಹುಳ ನಮ್ಮ ಮಕ್ಕಳಿಗೆ ಅನ್ನ ಹಾಕತ್ತೇನ್ರೀ?"

ನಾನು ಅವನ ತೋಳು ಹಿಡಿದು ಎಳೆದೆ. "ಇಲ್ಲೇ ನಿಂತು ಎಷ್ಟು ಬೇಕಾದ್ರೂ ಬೈಕೋ. ಕೆಳಗೆ ಹೋದ್ರೆ ಬೈಯೋಕೆ ಬಾಯೂ ಉಳಿಯಲ್ಲ."

ಮೂರನೇ ದಿನ ಗ್ರಿಲ್ಸ್ ಪೊಲೀಸರನ್ನು ಕರೆತಂದ. ನಾಲ್ಕು ಜನ ನ್ಯಾನ್‌ಕ್ಯಾರೋ ಅವರನ್ನು ಎತ್ತಿ ಕೆಸರಿಗೆ ಒಗೆದರು. ಬೀಗ ಒಡೆದು ಬಾಗಿಲು ತೆರೆಯುವ ಹೊತ್ತಿಗೆ ಒಳಗಿನಿಂದ ಗುಡುಗಿನ ಸದ್ದು ಬಂತು. ಗಾಳಿ ನುಗ್ಗಿ ನಮ್ಮವರ ಟೋಪಿಗಳನ್ನೆಲ್ಲ ಹಾರಿಸಿತು. ಆಮೇಲೆ ಉಪ್ಪಿನ ವಾಸನೆ. ಬಾವಿಯಲ್ಲಿ ನೀರು ಏರುತ್ತಿದ್ದುದನ್ನು ನಾವೆಲ್ಲ ಬಗ್ಗಿ ನೋಡಿದೆವು. 

ನ್ಯಾನ್‌ಕ್ಯಾರೋ ಕೆಸರು ಕೊಡವಿಕೊಳ್ಳುತ್ತ ಎದ್ದು ಧಣಿಯ ಹತ್ತಿರ ಹೋಗಿ, "ಈಗ ನಗಿ," ಅಂದರು. ಅಷ್ಟೇ.

ಅಪ್ಪಣೆ ಮೀರಿದ್ದಕ್ಕೆ ಅವರನ್ನು ಕೆಲಸದಿಂದ ತೆಗೆದರು. ಪತ್ರಿಕೆಯಲ್ಲಿ ಧಣಿಗಳ ದೂರದೃಷ್ಟಿಯಿಂದ ನಲವತ್ತು ಜೀವ ಉಳಿಯಿತು ಎಂದು ಬಂತು. ಮುಂದಿನ ಭಾನುವಾರ ಪಾದ್ರಿ ಗ್ರಿಲ್ಸ್ ಹೆಸರು ಹೇಳಿ ದೇವರಿಗೆ ಕೃತಜ್ಞತೆ ಸಲ್ಲಿಸತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಹೆಸರು ತಪ್ಪಿದೆ ಸ್ವಾಮಿ. ನ್ಯಾನ್‌ಕ್ಯಾರೋ ಅನ್ನಿ."

"ಕೂತ್ಕೋ ಹೆಂಗಸೇ."

ಎಫ್ರಾಯಿಮ್ ಎದ್ದು ನಿಂತ. ಅವನ ಹಿಂದೆ ಇನ್ನೂ ಹತ್ತು ಹನ್ನೆರಡು ಜನ. ಪಾದ್ರಿ ಆ ಹೆಸರು ಹೇಳಲಿಲ್ಲ, ಜೋರಾಗಿ ಕೀರ್ತನೆ ಶುರು ಮಾಡಿದ. ನಾವು ಹೊರಗೆ ಬಂದುಬಿಟ್ಟೆವು.

ನ್ಯಾನ್‌ಕ್ಯಾರೋ ಸಮುದ್ರ ಅಳೆಯುವ ಹಡಗೊಂದಕ್ಕೆ ಸೇರಿ ಇಪ್ಪತ್ತು ವರ್ಷ ಕಡಲ ತಳ ಕೆರೆದರು. ಗಣಿಗೆ ಮತ್ತೆ ಇಳಿಯಲಿಲ್ಲ. ಅವರ ಕ್ಷಮೆ ಕೇಳಬೇಕೆಂದು ಎಫ್ರಾಯಿಮ್ ಎರಡು ಸಲ ಬಂದರಿಗೆ ಹೋಗಿದ್ದ. ಎರಡು ಸಲವೂ ಹಡಗು ಹೊರಟುಹೋಗಿತ್ತು.